ಉರುಕುಂದದ ಬಯಲು, ಆದೋನಿಯ ಬೀದಿ

ಶ್ರಾವಣ ಮಾಸದ ಸೋಮವಾರವೋ ಗುರುವಾರವೋ ಉರುಕುಂದಕ್ಕೆ ಮೊದಲ ಬಾರಿ ಬಂದವರಿಗೆ, ಇದು ಕರ್ನೂಲು ಜಿಲ್ಲೆಯ ಕೌತಾಳಂ ಮಂಡಲದ ಒಂದು ಸಾಧಾರಣ ಗ್ರಾಮವೆಂದು ಹೇಳಿದರೆ ನಂಬಿಕೆಯೇ ಬಾರದು. ರಾಯಚೂರು, ಮಾನ್ವಿ, ಸಿಂಧನೂರು, ಸಿರುಗುಪ್ಪ, ಬಳ್ಳಾರಿಗಳ ಕಡೆಯಿಂದಲೂ ಆದೋನಿ, ಆಲೂರು, ಎಮ್ಮಿಗನೂರುಗಳ ಕಡೆಯಿಂದಲೂ ಬಸ್ಸು, ಟ್ರಾಕ್ಟರು, ಲಾರಿಗಳಲ್ಲಿ ಬಂದಿಳಿದ ಜನ ಈರಣ್ಣ ಸ್ವಾಮಿಯ ಗುಡಿಯ ಸುತ್ತಲ ಬಯಲಿನಲ್ಲಿ ಮೂರು ಮೂರು ಕಲ್ಲು ಹೂಡಿ ಒಲೆ ಹೊತ್ತಿಸುತ್ತಾರೆ. ಬೆಳಗಾಗುವಷ್ಟರಲ್ಲಿ ಆ ಬಯಲಿಗೆ ಓಣಿಗಳು ಬಂದಿರುತ್ತವೆ. ಮುಡಿ ಕೊಡುವವರ ಸಾಲು ಒಂದು ಕಡೆ, ಕಾಯಿ ಕರ್ಪೂರದ ಸಾಲು ಇನ್ನೊಂದು ಕಡೆ, ಬಳೆ ಮಂಡಾಳು ಮಿಠಾಯಿಗಳ ಸಾಲು ಮತ್ತೊಂದು ಕಡೆ. ಇವುಗಳಿಗೆ ಯಾವ ಇಂಜಿನಿಯರನೂ ನಕ್ಷೆ ಬರೆದವನಲ್ಲ. ನೀರು ಎಲ್ಲಿದೆ, ನೆರಳು ಎಲ್ಲಿದೆ, ಗಾಳಿ ಯಾವ ದಿಕ್ಕಿನಿಂದ ಬಂದು ಒಲೆಯ ಹೊಗೆಯನ್ನು ಎತ್ತ ಒಯ್ಯುತ್ತದೆ ಎಂಬುದನ್ನು ತಲೆಮಾರುಗಳಿಂದ ಬಲ್ಲ ಜನರೇ ಪ್ರತಿ ವರ್ಷವೂ ಒಂದು ಪಟ್ಟಣವನ್ನು ಕಟ್ಟಿ, ತಿಂಗಳು ತುಂಬಿದ ಮೇಲೆ ಬಿಚ್ಚಿಡುತ್ತಾರೆ.

ಅಶ್ವತ್ಥದ ಬುಡದಲ್ಲಿ ತಪಸ್ಸು ಮಾಡಿದ ಯೋಗಿಯಲ್ಲಿ ನರಸಿಂಹನನ್ನು ಕಂಡುಕೊಂಡ ಈ ಕ್ಷೇತ್ರದಲ್ಲಿ ಶೈವ ವೈಷ್ಣವರೆಂಬ ವಿವಾದವನ್ನು ನಾವು ಕೇಳಿದವರಲ್ಲ. ಸ್ವಾಮಿಯ ಹೆಸರು ಈ ಸೀಮೆಯ ಮನೆಮನೆಯಲ್ಲಿದೆ. ನಾವು ಶಾಲೆಯಲ್ಲಿದ್ದಾಗ ಒಂದೇ ತರಗತಿಯ ಹಾಜರಿ ಪುಸ್ತಕದಲ್ಲಿ ಈರಣ್ಣರು ಮೂವರು, ಉರುಕುಂದಪ್ಪನೊಬ್ಬ, ಉರುಕುಂದಮ್ಮಂದಿರು ಇಬ್ಬರು ಇರುತ್ತಿದ್ದರು. ಹೆಸರು ಕೂಗಿದರೆ ಮೂರು ದನಿಗಳು ಒಟ್ಟಿಗೇ ಏಳುತ್ತಿದ್ದವು. ಆ ಮಕ್ಕಳಿಗೆ ನಾವು ಕೋಟೆ ಕೊತ್ತಲಗಳ ಇತಿಹಾಸವನ್ನು ಬಾಯಿಪಾಠ ಮಾಡಿಸಿದೆವು. ಅವರ ತಾಯಂದಿರು ಒಲೆ ಹೂಡುವ ಬಯಲಿಗೂ ಒಂದು ಇತಿಹಾಸವುಂಟೆಂದು ಹೇಳುವುದು ಅಂದು ನಮಗೆ ಹೊಳೆಯಲಿಲ್ಲ. ಆ ಬಾಕಿಯನ್ನು ಇಷ್ಟು ತಡವಾಗಿಯಾದರೂ ಈ ಸಂಚಿಕೆಯಲ್ಲಿ ಸ್ವಲ್ಪಮಟ್ಟಿಗೆ ತೀರಿಸಬಯಸುತ್ತೇವೆ.

ನಮ್ಮ ಸೀಮೆಯ ಪಟ್ಟಣವೆಂದರೆ ಆದೋನಿ. ವಿಜಯನಗರದ ಅರಸರಿಗೆ ಇದು ಉತ್ತರದ ಗಡಿಯನ್ನು ಕಾಯುವ ಗಿರಿದುರ್ಗ. 1565ರ ಯುದ್ಧದ ಬಳಿಕ ಇದು ವಿಜಾಪುರದ ಆದಿಲಶಾಹಿಗಳ ವಶವಾಯಿತು. 17ನೆಯ ಶತಮಾನದಲ್ಲಿ ಇಲ್ಲಿ ಅಧಿಕಾರ ನಡೆಸಿದ ಸಿದ್ದಿ ಮಸೂದ್ ಖಾನನು ಕಟ್ಟಿಸಿದ ಜಾಮಿಯಾ ಮಸೀದಿ ಇಂದಿಗೂ ಪಟ್ಟಣದ ಹೆಮ್ಮೆ. ಇದೇ ಮಸೂದ್ ಖಾನನು ಮಂಚಾಲೆ ಗ್ರಾಮವನ್ನು ಶ್ರೀ ರಾಘವೇಂದ್ರ ಸ್ವಾಮಿಗಳಿಗೆ ಒಪ್ಪಿಸಿದನೆಂಬುದನ್ನು ಮಂತ್ರಾಲಯದ ಪರಂಪರೆ ಸ್ಮರಿಸುತ್ತದೆ. ಮುಂದೆ ಔರಂಗಜೇಬನ ಸೈನ್ಯ ಬಂದಿತು, ನಿಜಾಮನ ತಮ್ಮ ಬಸಾಲತ್ ಜಂಗನ ಜಹಗೀರಾಯಿತು, 1786ರಲ್ಲಿ ಟಿಪ್ಪು ಸುಲ್ತಾನನು ಕೋಟೆಯನ್ನು ಹಿಡಿದು ಅದರ ಬಲವನ್ನು ಮುರಿದನು. 1800ರಲ್ಲಿ ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ ಸೀಮೆಗಳಲ್ಲಿ ಆದೋನಿಯೂ ಸೇರಿತು.

ಇಷ್ಟನ್ನು ಪಠ್ಯಪುಸ್ತಕಗಳು ಹೇಳುತ್ತವೆ. ನಾವು ಗಮನಿಸಬೇಕಾದುದು ಬೆಟ್ಟದ ಕೆಳಗಿನ ಪೇಟೆಯನ್ನು. ಕೋಟೆಯ ಬಾಗಿಲಿಗೆ ಒಡೆಯರು ಬದಲಾದರೂ ಪೇಟೆಯ ಓಣಿಗಳಿಗೆ ನೇಕಾರ, ಗಾಣಿಗ, ಷರಾಫ, ಬಳೆಗಾರರೇ ಒಡೆಯರಾಗಿ ಮುಂದುವರಿದರು. ಬೆಟ್ಟದ ಬುಡದ ರಾಮಜಲವೂ ಅಲ್ಲಲ್ಲಿನ ಬಾವಿಗಳೂ ಊರಿಗೆ ನೀರು ಕೊಟ್ಟವು. ನೀರಿದ್ದೆಡೆ ಕಟ್ಟೆ, ಕಟ್ಟೆಯಿದ್ದೆಡೆ ಮಾತು. ನಾವು ಕಟ್ಟೆಯೆನ್ನುವುದನ್ನು ನಮ್ಮ ತೆಲುಗು ನೆರೆಯವರು ರಚ್ಚಬಂಡ ಎನ್ನುತ್ತಾರೆ. ಕುಳಿತುಕೊಳ್ಳುವ ಕಲ್ಲು ಒಂದೇ.

ಆದರೆ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಹಳೆಯ ಕಟ್ಟೆಯೂ ಬಾವಿಯೂ ಎಲ್ಲರವಾಗಿರಲಿಲ್ಲ. ಯಾರು ಕಟ್ಟೆಯ ಮೇಲೆ, ಯಾರು ನೆಲದ ಮೇಲೆ, ಯಾರು ದೂರ ನಿಂತು ನೀರಿಗಾಗಿ ಕಾಯಬೇಕು ಎಂಬುದು ಹುಟ್ಟಿನಿಂದಲೇ ನಿರ್ಧಾರವಾಗಿರುತ್ತಿತ್ತು. ‘ಹಿಂದಿನ ಕಾಲದ ಸೌಹಾರ್ದ’ ಎಂದು ಭಾಷಣ ಮಾಡುವವರು ಇದನ್ನು ಮರೆಯುವುದುಂಟು. ನಾವೂ ಕೆಲವು ಸಲ ಹಾಗೆ ಭಾಷಣ ಮಾಡಿದ್ದೇವೆ.

ಈ ಕಟ್ಟನ್ನು ಮೊದಲು ಸಡಿಲಿಸಿದ್ದು ರೈಲು. 1865ರಲ್ಲಿ ಪುರಸಭೆಯಾದ ಆದೋನಿಗೆ ಕೆಲವೇ ವರ್ಷಗಳಲ್ಲಿ ಮದ್ರಾಸ್ ರೈಲ್ವೆ ಬಂದಿತು. 1871ರಲ್ಲಿ ಆ ಮಾರ್ಗ ರಾಯಚೂರಿನಲ್ಲಿ ಮುಂಬಯಿಯ ಮಾರ್ಗವನ್ನು ಕೂಡಿತು. ಐದೇ ವರ್ಷಗಳಲ್ಲಿ ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮ. 1876ರಿಂದ 1878ರವರೆಗೆ ಹಬ್ಬಿದ ಆ ಬರದಲ್ಲಿ ಬಳ್ಳಾರಿ ಜಿಲ್ಲೆ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಒಂದು. ಹೊರಗಿನ ಧಾನ್ಯ ಬಂದಿಳಿಯುವ ರೈಲು ನಿಲ್ದಾಣದತ್ತ ಹಳ್ಳಿಗಳ ಕಣ್ಣು ತಿರುಗಿತು. ಬರ ಕಳೆದ ಮೇಲೆ ಅದೇ ನಿಲ್ದಾಣದಿಂದ ನಮ್ಮ ಎರೆ ಭೂಮಿಯ ಹತ್ತಿ ಹೊರಗೆ ಹೋಗತೊಡಗಿತು. ಹತ್ತಿ ಬಿಡಿಸುವ ಜಿನ್ನುಗಳೂ ಅಂಡಿಗೆ ಕಟ್ಟುವ ಪ್ರೆಸ್ಸುಗಳೂ ಎದ್ದವು. ವ್ಯಾಪಾರಿಗಳು ಗುಜರಾತು ಮಾರವಾಡಗಳಿಂದ ಬಂದರೆ ಕೂಲಿಕಾರರು ಸುತ್ತಲಿನ ಹಳ್ಳಿಗಳಿಂದ ಬಂದರು. ಆದೋನಿಗೆ ‘ಎರಡನೆಯ ಬೊಂಬಾಯಿ’ ಎಂಬ ಅಡ್ಡಹೆಸರು ಅಂಟಿಕೊಂಡಿತು.

ಸುಗ್ಗಿಯಲ್ಲಿ ಹತ್ತಿ ಬಂಡಿಗಳು ರಾತ್ರಿಯಿಡೀ ಬೀದಿಯಲ್ಲಿ ನಿಲ್ಲುತ್ತಿದ್ದುದನ್ನು ಬಾಲ್ಯದಲ್ಲಿ ನಾವು ಕಂಡಿದ್ದೇವೆ. ಎತ್ತುಗಳನ್ನು ಬಿಚ್ಚಿ ನೊಗ ಕೆಳಗಿರಿಸಿದರೆ ಬೀದಿಯೇ ಛತ್ರ. ರೊಟ್ಟಿ ಬುತ್ತಿ ಬಿಚ್ಚುವುದೂ ಅಲ್ಲಿಯೇ, ತತ್ವಪದ ಹಾಡುವುದೂ ಅಲ್ಲಿಯೇ. ಯಾರ ಬಂಡಿಯ ಪಕ್ಕದಲ್ಲಿ ಯಾರ ಬಂಡಿ ನಿಲ್ಲಬೇಕೆಂಬುದಕ್ಕೆ ಜಾತಿಯ ಕಟ್ಟಳೆ ಇರಲಿಲ್ಲ. ಬಂದ ಸರದಿಯೇ ಕಟ್ಟಳೆ. ಬಂಡಿಯವನಿಗೆ ಬೆಳಿಗ್ಗೆ ಚಹಾ ಬೇಕಾಯಿತು, ಹೋಟೆಲು ಬಂದಿತು. ದುಡ್ಡು ಕೊಟ್ಟವನಿಗೆಲ್ಲ ಬೆಂಚು. ಆದೋನಿಯ ನಡುಪೇಟೆಯ ಒಂದು ಚೌಕ ರಾಜನ ಹೆಸರನ್ನಾಗಲಿ ದೊರೆಯ ಹೆಸರನ್ನಾಗಲಿ ಪಡೆಯದೆ ‘ಶ್ರೀನಿವಾಸ ಭವನ ಸರ್ಕಲ್’ ಎನಿಸಿಕೊಂಡಿದೆ. ಇದನ್ನು ಕೇಳಿ ನಗುವವರಿದ್ದಾರೆ. ನಮಗಾದರೋ ಇದಕ್ಕಿಂತ ಪ್ರಾಮಾಣಿಕವಾದ ಶಿಲಾಶಾಸನ ಇಲ್ಲವೆನಿಸುತ್ತದೆ. ಜನ ಎಲ್ಲಿ ಸೇರಿದರೋ ಅಲ್ಲಿಯ ಹೆಸರನ್ನು ಊರು ಇಟ್ಟುಕೊಂಡಿತು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಅದಕ್ಕೆ ಸೇರಿದವು. ಬಳ್ಳಾರಿ ಮೈಸೂರಿಗೆ ಹೋಯಿತು. ಆ ವಾದವಿವಾದಗಳ ಕಥೆಯನ್ನು ನಮ್ಮ ಸಂಘದ ಸಭೆಗಳಲ್ಲಿ ಸಾಕಷ್ಟು ಸಲ ಹೇಳಲಾಗಿದೆ. ಇಲ್ಲಿ ನಮಗೆ ಬೇಕಾದುದು ಅದರ ಒಂದು ಪರಿಣಾಮ ಮಾತ್ರ. ಕನ್ನಡ ಕಚೇರಿಯ ಜಗಲಿಯಿಂದ ಕೆಳಗಿಳಿಯಿತು. ಅರ್ಜಿ, ಪಹಣಿ, ಬಸ್ಸಿನ ಫಲಕಗಳಿಂದ ಮರೆಯಾದ ಭಾಷೆಗೆ ಸಂತೆ, ಜಾತ್ರೆ, ಬಯಲಾಟ, ಅಲಾಯಿ ಕುಣಿಯ ಅಂಗಳಗಳೇ ಆಶ್ರಯ. ಇಂದಿಗೂ ನಮ್ಮ ಸಂತೆಗಳಲ್ಲಿ ಕೊಳ್ಳುವವಳು ಕನ್ನಡದಲ್ಲಿ ಕೇಳುತ್ತಾಳೆ, ಮಾರುವವಳು ತೆಲುಗಿನಲ್ಲಿ ಬೆಲೆ ಹೇಳುತ್ತಾಳೆ. ಇಬ್ಬರೂ ತಮ್ಮ ಭಾಷೆ ಬಿಡುವುದಿಲ್ಲ, ವ್ಯಾಪಾರವೂ ಕೆಡುವುದಿಲ್ಲ. ಪಾಠಶಾಲೆಯಲ್ಲಿ ಹತ್ತು ವರ್ಷ ಕಲಿಸಿದರೂ ಬಾರದ ದ್ವಿಭಾಷಾ ಪಾಂಡಿತ್ಯ ಇಲ್ಲಿಯ ಮಗುವಿಗೆ ಸಂತೆಯಲ್ಲಿ ಎರಡೇ ವರ್ಷಗಳಲ್ಲಿ ಬರುತ್ತದೆ.

ಗಡಿ ಎಳೆದ ಆ ವರ್ಷದಲ್ಲಿಯೇ ತುಂಗಭದ್ರಾ ಅಣೆಕಟ್ಟಿನ ನೀರನ್ನು ಕಾಲುವೆಗಳಿಗೆ ಬಿಡುವ ಕಾರ್ಯ ಆರಂಭವಾಯಿತು. ಕೆಳಮಟ್ಟದ ಕಾಲುವೆ ಬಳ್ಳಾರಿಯ ಕಡೆಯಿಂದ ಹರಿದು ನಮ್ಮ ಸೀಮೆಯನ್ನು ಹಾಯ್ದು ಮುಂದೆ ಹೋಗುತ್ತದೆ. ಈ ಒಂದು ಕಾಲುವೆ ಎರಡು ವಿಭಿನ್ನ ಕೆಲಸಗಳನ್ನು ಮಾಡಿತು. ಉರುಕುಂದದ ಯಾತ್ರಿಕರಿಗೆ ಅದು ಸ್ನಾನಘಟ್ಟವಾಯಿತು. ಬಂಡಿ ಇಳಿದವರು ಮೊದಲು ಕಾಲುವೆಗೆ, ಆಮೇಲೆ ಗುಡಿಗೆ. ಹೀಗೆ ಎಲ್ಲಿಯೂ ಇಲ್ಲದಿದ್ದ ಒಂದು ಕೂಡುನೆಲ ಹುಟ್ಟಿತು. ಅದೇ ಕಾಲುವೆಯ ನೀರು ಬಸಲದೊಡ್ಡಿಯ ಬೇಸಿಗೆ ಸಂಗ್ರಹ ಕೆರೆಯನ್ನು ತುಂಬಿ, ಅಲ್ಲಿಂದ ಕೊಳವೆಗಳಲ್ಲಿ ಆದೋನಿಯ ನಲ್ಲಿಗಳಿಗೆ ಬಂದಾಗ ಅಲ್ಲಿಯ ಬಾವಿಕಟ್ಟೆಗಳು ಬರಿದಾದವು. ಹಗ್ಗದ ಗೆರೆ ಬಿದ್ದ ಕಲ್ಲುಗಳು ಉಳಿದವು, ಕೆಲವು ಬಾವಿಗಳು ಕಸದಿಂದ ತುಂಬಿದವು. ಇದಕ್ಕಾಗಿ ನಾವು ಒಮ್ಮೆ ಮನೆಯಲ್ಲಿ ವ್ಯಥೆಪಟ್ಟಾಗ ನಮ್ಮ ಮನೆಯವರು, “ಎರಡು ಕೊಡ ಹೊತ್ತು ನಡೆದವರನ್ನು ಕೇಳಿ, ಆಮೇಲೆ ಬರೆಯಿರಿ” ಎಂದರು. ಬಾವಿಕಟ್ಟೆಯನ್ನು ಹೊಗಳುವುದು ನೀರು ಹೊರದ ಗಂಡಸರ ಅಭ್ಯಾಸವೆಂದು ಅಂದು ತಿಳಿಯಿತು. ಆದರೂ, ಆ ಹೆಂಗಸರು ದಿನಕ್ಕೆರಡು ಬಾರಿ ಸೇರುತ್ತಿದ್ದ ಸ್ಥಳಕ್ಕೆ ಬದಲಾಗಿ ಬೇರೊಂದನ್ನು ಪಟ್ಟಣ ಅವರಿಗೆ ಕೊಟ್ಟಿತೇ ಎಂಬ ಪ್ರಶ್ನೆ ನಮ್ಮಲ್ಲಿ ಇನ್ನೂ ಇದೆ.

2011ರ ಜನಗಣತಿಯ ಹೊತ್ತಿಗೆ ಆದೋನಿಯ ಜನಸಂಖ್ಯೆ ಒಂದೂವರೆ ಲಕ್ಷವನ್ನು ದಾಟಿತ್ತು. ಹತ್ತಿ ಬೀದಿಯಿಂದ ಮಾರುಕಟ್ಟೆ ಯಾರ್ಡಿನ ಗೋಡೆಯೊಳಕ್ಕೆ ಹೋಯಿತು. ತೂಕದಲ್ಲಿ ರೈತನಿಗೆ ಮೋಸ ಕಡಿಮೆಯಾಯಿತೆಂಬುದು ದೊಡ್ಡ ಲಾಭವೇ. ಬೀದಿಗೆ ಬಂಡಿಗಳ ಬದಲು ಮೋಟಾರುಗಳು ಬಂದವು. ಅರಳಿಕಟ್ಟೆಗಳಿಗೆ ಕಬ್ಬಿಣದ ಕಂಬಿಯ ಬೇಲಿ ಬಂದಿತು. ಇದು ನಮ್ಮೊಂದು ಊರಿನ ಕಥೆಯಲ್ಲ. ಹಂಪೆಯಲ್ಲಿ ವಿರೂಪಾಕ್ಷನ ರಥಬೀದಿಯೇ ಬಜಾರಾಗಿತ್ತು. ಅಲ್ಲಿಯ ಕಲ್ಲಿನ ಸಾಲುಮಂಟಪಗಳಲ್ಲಿ ಮನೆ ಅಂಗಡಿ ಮಾಡಿಕೊಂಡಿದ್ದವರನ್ನು ಸ್ಮಾರಕ ರಕ್ಷಣೆಯ ಕಾರಣದಿಂದ 2011ರ ಜುಲೈನಲ್ಲಿ ತೆರವುಗೊಳಿಸಲಾಯಿತು. ಕಲ್ಲು ಕಾಪಾಡಬೇಕೆಂಬುದನ್ನು ಇತಿಹಾಸದ ಮೇಷ್ಟರಾದ ನಾವು ಅಲ್ಲಗಳೆಯುವುದು ಹೇಗೆ? ಆದರೆ ಬಜಾರೆಂಬ ಹೆಸರು ಉಳಿಸಿಕೊಂಡು ಕೊಳ್ಳುವವರಿಲ್ಲದೆ ಮಲಗಿರುವ ಆ ಬೀದಿಯಲ್ಲಿ ನಡೆದಾಗ ನಮಗೆ ಸಂತೋಷವಾಗಲಿಲ್ಲ.

ಪರರ ಮಾತು ಏಕೆ? ನಾವೇ ಒಂದು ಗೋಡೆ ಕಟ್ಟಿಸಿದವರು. ಗಡಿಯ ಹಳ್ಳಿಯೊಂದರಲ್ಲಿ ಮುಖ್ಯೋಪಾಧ್ಯಾಯರಾಗಿದ್ದಾಗ ನಮ್ಮ ಶಾಲೆಗೆ ವಿಶಾಲವಾದ ಮೈದಾನವಿತ್ತು. ಹಗಲು ಮಕ್ಕಳದು, ಸಂಜೆ ಊರಿನದು. ಮೊಹರಮ್ಮಿಗೆ ಹೆಜ್ಜೆ ಕುಣಿತ ಅಲ್ಲಿ, ಸುಗ್ಗಿಯ ನಂತರ ಬಯಲಾಟದ ಅಟ್ಟ ಅಲ್ಲಿ. ಕನ್ನಡದ ಬಯಲಾಟವನ್ನು ನೋಡಲು ತೆಲುಗು ಮನೆಗಳ ಮಕ್ಕಳೂ ಚಾಪೆ ಹೊತ್ತು ಬಂದು ನಿದ್ದೆಗೆಡುತ್ತಿದ್ದರು. ಮಾರನೆಯ ದಿನ ಭೀಮನ ಮಾತುಗಳನ್ನು ಕನ್ನಡದಲ್ಲಿಯೇ ಕೂಗುತ್ತಿದ್ದರು. ಆದರೆ ಬೆಳಿಗ್ಗೆ ಬಂದರೆ ಮೈದಾನದ ತುಂಬ ಸೆಗಣಿ, ಬೀಡಿ ತುಂಡು, ಕೆಲವೊಮ್ಮೆ ಒಡೆದ ಸೀಸೆ. ಒಂದು ಹುಡುಗಿಯ ಕಾಲಿಗೆ ಗಾಜು ಹೊಕ್ಕಿತು. ನಾವು ಅರ್ಜಿಯ ಮೇಲೆ ಅರ್ಜಿ ಬರೆದೆವು. ಆಳೆತ್ತರದ ಗೋಡೆಯೂ ಬೀಗದ ಗೇಟೂ ಬಂದವು. ಅಂದಿನ ಸಮಾರಂಭದಲ್ಲಿ ನಮಗೆ ಶಾಲು ಹೊದಿಸಿದರು.

ಮೈದಾನ ಸ್ವಚ್ಛವಾಯಿತು. ಬಯಲಾಟದವರು ಒಂದು ವರ್ಷ ಬೇರೆ ಜಾಗ ಹುಡುಕಿದರು, ಮರುವರ್ಷ ಹುಡುಕಲಿಲ್ಲ. ಸಂಜೆ ಮೈದಾನಕ್ಕೆ ಬಂದಾಗ ನಮ್ಮನ್ನು ಮಾತನಾಡಿಸಿ ಮಕ್ಕಳ ಓದಿನ ಬಗ್ಗೆ ಕೇಳುತ್ತಿದ್ದ ತಂದೆಯರು ಗೇಟಿನ ಹೊರಗೆ ಉಳಿದರು. ಕೆಲವು ವರ್ಷಗಳಲ್ಲಿ ಒಂದನೆಯ ತರಗತಿಗೆ ಸೇರುವವರು ಕಡಿಮೆಯಾದರು. ಇಂಗ್ಲಿಷ್ ಶಾಲೆಗಳು ಬಂದುದು, ಗುಳೇ ಹೋದುದು, ಉದ್ಯೋಗದ ಚಿಂತೆ ಮೊದಲಾದ ಕಾರಣಗಳು ನೂರಿವೆ; ಎಲ್ಲವನ್ನೂ ಗೋಡೆಯ ಮೇಲೆ ಹೊರಿಸುವಷ್ಟು ಅವಿವೇಕ ನಮಗಿಲ್ಲ. ಆದರೆ ಗಾಜಿನ ಚೂರಿಗೆ ಗೋಡೆಯೊಂದೇ ಉತ್ತರವಾಗಿತ್ತೇ, ಊರವರನ್ನು ಕರೆದು ಕೂರಿಸಿ ಒಂದು ಮಾತು ಏಕೆ ಆಡಲಿಲ್ಲ ಎಂದು ನಿವೃತ್ತರಾದ ಮೇಲೆ ಎಷ್ಟೋ ರಾತ್ರಿ ಯೋಚಿಸಿದ್ದೇವೆ.

ಉರುಕುಂದವೂ ಬದಲಾಗುತ್ತಿದೆ. ಸರದಿಗೆ ಕಂಬಿಗಳು, ನೆರಳಿಗೆ ತಗಡಿನ ಚಪ್ಪರಗಳು, ಕೊಠಡಿಗಳು, ಕಾಂಕ್ರೀಟಿನ ನೆಲ ಬಂದಿವೆ. ಲಕ್ಷಗಟ್ಟಲೆ ಜನ ಬರುವಲ್ಲಿ ಇವು ಬೇಡವೆನ್ನಲಾಗದು. ಮಳೆ ಬಂದ ರಾತ್ರಿ ಕೂಸನ್ನು ಮಡಿಲಲ್ಲಿಟ್ಟುಕೊಂಡ ತಾಯಿಗೆ ತಗಡೇ ಅರಮನೆ. ಕಲ್ಲಿನ ಒಲೆಗಳ ಪಕ್ಕದಲ್ಲಿ ಗ್ಯಾಸಿನ ಒಲೆಗಳೂ ಕಾಣುತ್ತಿವೆ. ಆದರೂ ಬಯಲು ಇನ್ನೂ ಬಯಲಾಗಿಯೇ ಇದೆ. ಮೊದಲು ಬಂದವರಿಗೆ ಮೊದಲ ಜಾಗ.

ಕಳೆದ ಶ್ರಾವಣದಲ್ಲಿ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗನನ್ನು ಕರೆದುಕೊಂಡು ಹೋಗಿದ್ದೆವು. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಹುಡುಗ. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವವನು. ಅಡಿಗೆಗೆ ಕುಳಿತಾಗ ಉಪ್ಪು ಮರೆತುದು ತಿಳಿಯಿತು. ಅವನ ಅಜ್ಜಿ ಅವನ ಕೈಗೆ ಬಟ್ಟಲು ಕೊಟ್ಟು ಪಕ್ಕದ ಒಲೆಯವರ ಹತ್ತಿರ ಕಳಿಸಿದಳು. ಅವರು ತೆಲುಗಿನವರು. ಹುಡುಗ ಸ್ವಲ್ಪ ಹೊತ್ತು ಸುಮ್ಮನೆ ನಿಂತ, ಆಮೇಲೆ “ಉಪ್ಪು ಬೇಕಂತೆ” ಎಂದ. ಎರಡು ಭಾಷೆಗೂ ಉಪ್ಪು ಉಪ್ಪೇ. ಆ ಮನೆಯ ಮುದುಕಿ ಬಟ್ಟಲು ತುಂಬಿ ಕೊಟ್ಟು, ಮೇಲೊಂದು ಹೋಳಿಗೆಯಿಟ್ಟು, ಅವನನ್ನು ತನ್ನ ಮೊಮ್ಮಕ್ಕಳ ಸಾಲಿನಲ್ಲಿ ಕೂರಿಸಿಕೊಂಡಳು. ನಮ್ಮ ಅನ್ನ ಬೆಂದರೂ ಹುಡುಗ ಬರಲಿಲ್ಲ. ಉಪ್ಪು ತರಲು ನಾವೇ ಎದ್ದು ಹೋಗಬೇಕಾಯಿತು.