ನೌಕಾತಳದ ಲೇಪನ

ವಿಹಾರದ ದೋಣಿಯ ತಳಕ್ಕೆ ಯಾವ ಬಣ್ಣವನ್ನು ಬಳಿಯಬೇಕೆಂಬುದು ಅದರ ಒಡೆಯನೊಬ್ಬನ ಚಿಂತೆಯೆಂದು ವಾಚಕರು ಭಾವಿಸಬಹುದು. ಚರಿತ್ರೆಯು ಹಾಗೆ ಹೇಳುವುದಿಲ್ಲ.

ಸಮುದ್ರದಲ್ಲಿ ನಿಂತ ನೌಕೆಯ ತಳಕ್ಕೆ ಪಾಚಿಯೂ ಚಿಪ್ಪಿನ ಜೀವಿಗಳೂ ಅಂಟಿಕೊಂಡು ವೇಗವನ್ನು ಕುಗ್ಗಿಸುವುವು. ಹುಳುಗಳು ಮರವನ್ನು ಕೊರೆಯುವುವು. ಇದನ್ನು ತಡೆಯಲು ಆಂಗ್ಲರು 1761ರಲ್ಲಿ ‘ಅಲಾರ್ಮ್’ ಎಂಬ ಯುದ್ಧನೌಕೆಗೆ ತಾಮ್ರದ ತಗಡನ್ನು ಹೊದಿಸಿದರು. ತಳವೇನೋ ಶುದ್ಧವಾಗಿ ಉಳಿಯಿತು. ಆದರೆ ತಾಮ್ರದ ಸಂಪರ್ಕದಿಂದ ಕಬ್ಬಿಣದ ಮೊಳೆಗಳು ಸವೆದುಹೋದುವು. ತಾಮ್ರವೂ ಕರಗುತ್ತಲೇ ಇದ್ದಿತು. ಅದನ್ನು ಉಳಿಸಲೆಂದು 1824ರಲ್ಲಿ ರಸಾಯನಶಾಸ್ತ್ರಜ್ಞನಾದ ಹಂಫ್ರಿ ಡೇವಿಯು ಸತು, ಕಬ್ಬಿಣಗಳ ತುಂಡುಗಳನ್ನು ಅದಕ್ಕೆ ಜೋಡಿಸಿ ನೋಡಿದನು. ತಾಮ್ರವು ಉಳಿಯಿತು, ಜೀವಿಗಳು ಮರಳಿ ಅಂಟಿಕೊಂಡುವು! ತಾಮ್ರವು ನೌಕೆಯನ್ನು ಕಾಯುತ್ತಿದ್ದುದು ತಾನು ಕರಗಿ ನೀರಿಗೆ ವಿಷವನ್ನು ಬಿಡುವುದರಿಂದಲೇ.

ಮುಂದೆ ಬಂದ ಬಣ್ಣಗಳದೂ ಇದೇ ನ್ಯಾಯ. ಇಪ್ಪತ್ತನೆಯ ಶತಮಾನದಲ್ಲಿ ತವರದ ಸಂಯುಕ್ತವೊಂದನ್ನು ಬೆರೆಸಿದ ಬಣ್ಣವು ತಾಮ್ರವನ್ನೂ ಮೀರಿಸಿತು. ಆದರೆ ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯಲ್ಲಿ ದೋಣಿಗಳಿಂದ ಇಳಿದ ಆ ವಿಷದಿಂದ ಸಿಂಪಿಗಳ ಸಂತತಿಯು ಕ್ಷೀಣಿಸಿತು, ಚಿಪ್ಪುಗಳು ವಿಕಾರಗೊಂಡುವು, ಅವುಗಳನ್ನು ಸಾಕುವವರ ಜೀವನೋಪಾಯವು ಕೆಟ್ಟಿತು. 1982ರಲ್ಲಿ ಫ್ರಾನ್ಸ್ ದೇಶವು 25 ಮೀಟರಿಗಿಂತ ಚಿಕ್ಕ ದೋಣಿಗಳಿಗೆ ಅದನ್ನು ನಿಷೇಧಿಸಿತು. 2008ರಲ್ಲಿ ಅಂತರರಾಷ್ಟ್ರೀಯ ನಿಷೇಧವೂ ಜಾರಿಗೆ ಬಂದಿತು.

ಈಗ ದೋಣಿಯವನು ತಾಮ್ರದ ಬಣ್ಣವನ್ನಾಗಲಿ, ನುಣುಪಿನಿಂದಲೇ ಜೀವಿಗಳನ್ನು ಜಾರಿಸುವ ಸಿಲಿಕೋನ್ ಲೇಪನವನ್ನಾಗಲಿ ಆರಿಸಬಹುದು. ಯಾವುದನ್ನೇ ಆರಿಸಲಿ, ಆ ನೀರನ್ನೇ ನಂಬಿ ಬಾಳುವವರನ್ನು ನೆನೆದು ಆರಿಸುವುದು ಧರ್ಮ.