ಅವರ ಬದಲು ಹೋದವರು

ದಾನ ಅಂದ್ರೆ ದುಡ್ಡು ಕೊಡೋದು ಅಂತಲೇ ನಾನೂ ಅಂದುಕೊಂಡಿದ್ದೆ, 1938ರ ಈ ಕಥೆ ಓದೋವರೆಗೆ. ನವೆಂಬರ್ 9ರ ರಾತ್ರಿ ನಾಜಿಗಳು ಯಹೂದಿಗಳ ಪ್ರಾರ್ಥನಾ ಮಂದಿರಗಳಿಗೆ ಬೆಂಕಿಯಿಟ್ಟರು. ಬ್ರಿಟನ್ನಿನ ಯಹೂದಿ ಮುಖಂಡರು ಜರ್ಮನಿಗೆ ಹೋಗುವಂತಿರಲಿಲ್ಲ. ಅವರ ಬದಲು ಬರ್ಲಿನ್ನಿಗೆ ಹೋದವರು ಕ್ವೇಕರ್ ಪಂಥದ ಕ್ರೈಸ್ತರು. ಅಲ್ಲಿನ ಯಹೂದಿ ಉದ್ಯಮಿ ವಿಲ್‌ಫ್ರಿಡ್ ಇಸ್ರೇಲ್ ಅವರನ್ನು ಕಂಡರು. ಹೆತ್ತವರು ಮಕ್ಕಳನ್ನಷ್ಟೇ ಕಳಿಸೋಕೂ ತಯಾರು ಅನ್ನೋ ಸುದ್ದಿ ತಂದರು. ನವೆಂಬರ್ 21ರಂದು ಎರಡೂ ಕಡೆಯವರು ಒಟ್ಟಾಗಿ ಬ್ರಿಟನ್ನಿನ ಗೃಹಮಂತ್ರಿ ಸ್ಯಾಮುಯೆಲ್ ಹೋರ್ ಅವರನ್ನು ಭೇಟಿಯಾದರು. ಡಿಸೆಂಬರ್ 2ಕ್ಕೆ ಮಕ್ಕಳ ಮೊದಲ ತಂಡ ಹಾರ್ವಿಚ್ ಬಂದರಿನಲ್ಲಿ ಇಳಿಯಿತು. ಯುದ್ಧ ಶುರುವಾಗೋ ಹೊತ್ತಿಗೆ ಸುಮಾರು 10,000 ಮಕ್ಕಳು ಬ್ರಿಟನ್ ಸೇರಿದ್ದರು. ಎಷ್ಟೋ ಮಕ್ಕಳು ಅಪ್ಪ ಅಮ್ಮನನ್ನು ಮತ್ತೆ ನೋಡಲೇ ಇಲ್ಲ, ನಿಜ. ಆದರೆ ಬದುಕಿದರು. ಇನ್ನೊಬ್ಬರು ಹೋಗಲಾಗದ ಕಡೆಗೆ ನಾವು ಹೋಗಿಬರೋದೂ ದಾನವೇ ಅಲ್ವಾ?