ಸನ್ನದು ಸ್ವತ್ತಾದ ಬಗೆ: ಕರ್ನಾಟಕದಲ್ಲಿ ಮದ್ಯ ಪರವಾನಗಿಯ ಚರಿತ್ರೆ

1939ರಲ್ಲಿ ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆಯಿತು. ಈಚಲೆಂದರೆ ಸೇಂದಿ, ಸೇಂದಿಯೆಂದರೆ ಮೈಸೂರು ಸರ್ಕಾರದ ಅಬಕಾರಿ ವರಮಾನ. ಮರಕ್ಕೆ ಬಿದ್ದ ಕೊಡಲಿಯೇಟು ಖಜಾನೆಗೂ ಬೀಳುತ್ತಿತ್ತು. ಚಳವಳಿಯ ಮುಂದಾಳುಗಳಲ್ಲಿ ಒಬ್ಬರಾದ ಎಸ್. ನಿಜಲಿಂಗಪ್ಪನವರು ಜೈಲು ಸೇರಿದರು, ವಕೀಲಿಯ ಸನ್ನದನ್ನೂ ಕಳೆದುಕೊಂಡರು. ಅದೇ ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ 1965ರ ಅಬಕಾರಿ ಕಾಯ್ದೆ ರೂಪುಗೊಂಡಿತು, 1967ರಲ್ಲಿ ಪಾನನಿರೋಧ ತೆರವಾಯಿತು, ರಾಜ್ಯದ ಉದ್ದಗಲಕ್ಕೂ ಮದ್ಯದಂಗಡಿಗೆ ಸನ್ನದು ಕೊಡುವ ಇಂದಿನ ವ್ಯವಸ್ಥೆ ನಿಂತಿತು. ವಕೀಲರ ಅನುಮತಿಗೂ ಬಾರಿನ ಅನುಮತಿಗೂ ನಮ್ಮ ಕಚೇರಿ ಕನ್ನಡದಲ್ಲಿ ಸನ್ನದು ಎಂಬ ಒಂದೇ ಪದ ಇರುವುದು ಕಾಕತಾಳೀಯವಲ್ಲ. ದೊರೆಯ ಮೊಹರು ಬಿದ್ದ ಅನುಮತಿ ಪತ್ರ ಎಂಬುದೇ ಆ ಪದದ ಹಳೆಯ ಅರ್ಥ. ಕೊಟ್ಟವನು ಕಿತ್ತುಕೊಳ್ಳಬಲ್ಲ, ನಿಜಲಿಂಗಪ್ಪನವರ ವಿಷಯದಲ್ಲಿ ಆದದ್ದೂ ಅದೇ. ಮದ್ಯದ ಸನ್ನದು ಮಾತ್ರ ಕಾಲಾಂತರದಲ್ಲಿ ಈ ಗುಣವನ್ನು ಕಳೆದುಕೊಂಡು, ಮಾರಿ ಕೊಳ್ಳಬಹುದಾದ ಸ್ವತ್ತಾಯಿತು. ಅದು ಹೇಗಾಯಿತು ಎಂಬುದನ್ನು ಹುಡುಕುವುದೇ ಈ ಲೇಖನದ ಕೆಲಸ.

ಹೆಂಡದ ವ್ಯಾಪಾರ ನಾಡಿಗೆ ಹೊಸದಲ್ಲ. 12ನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಕಾಯಕದ ಹೆಸರಿನಿಂದಲೇ ಗುರುತಾದವನು. ಆದರೆ ಕಾಯಕಕ್ಕೂ ಸನ್ನದಿಗೂ ನಡುವೆ ದೊಡ್ಡ ಕಂದಕವಿದೆ. ವಸಾಹತು ಕಾಲದ ಅಬಕಾರಿ ಪದ್ಧತಿಯ ತಿರುಳು ಗುತ್ತಿಗೆ. ಒಂದು ಸೀಮೆಯ ಸಾರಾಯಿ, ಸೇಂದಿ ಮಾರುವ ಹಕ್ಕನ್ನು ಸರ್ಕಾರ ಸವಾಲಿಗೆ, ಅಂದರೆ ಹರಾಜಿಗೆ, ಹಾಕುತ್ತಿತ್ತು, ಹೆಚ್ಚು ಕೂಗಿದವನು ಗುತ್ತಿಗೆದಾರ. ಮರ ಹತ್ತಿ ಇಳಿಸುವ ಈಡಿಗನಿಗೆ ಮರವೇನೋ ಗೊತ್ತು, ಸವಾಲಿಗೆ ಕೂಗುವಷ್ಟು ಹಣ ಎಲ್ಲಿಂದ ಬರಬೇಕು? ಕುಲಕಸುಬು ಹಿಂದೆ ಸರಿದು ಬಂಡವಾಳ ಮುಂದೆ ಬಂದದ್ದು ಹೀಗೆ. ಮೈಸೂರು ಸಂಸ್ಥಾನದ 1901ರ ಅಬಕಾರಿ ಕಾಯ್ದೆ ಈ ಪದ್ಧತಿಗೆ ಕಾನೂನಿನ ಚೌಕಟ್ಟು ಕೊಟ್ಟಿತು.

1956ರಲ್ಲಿ ರಾಜ್ಯ ಒಂದಾದಾಗ ಕಾನೂನುಗಳು ಒಂದಾಗಿರಲಿಲ್ಲ. ಮುಂಬಯಿಯಿಂದ ಬಂದ ಜಿಲ್ಲೆಗಳು 1949ರ ಪಾನನಿರೋಧ ಕಾಯ್ದೆಯನ್ನು ಹೊತ್ತು ತಂದವು. ದಕ್ಷಿಣ ಕನ್ನಡದ ಬೆನ್ನಿಗೆ ಮದ್ರಾಸಿನ 1937ರ ಕಾಯ್ದೆಯಿತ್ತು. ಹೈದರಾಬಾದ್ ಸೀಮೆಗೆ ನಿಜಾಮರ ಕಾಲದ ಅಬಕಾರಿ ಕಾನೂನು. ಒಂದೇ ರಾಜ್ಯದಲ್ಲಿ ಒಂದು ಊರಿಗೆ ಅಪರಾಧವಾದದ್ದು ಇನ್ನೊಂದು ಊರಿಗೆ ವರಮಾನ! ಈ ಗೋಜಲನ್ನು ಬಿಡಿಸಲು 1961ರಲ್ಲಿ ಪಾನನಿರೋಧದ ದಿಕ್ಕಿನ ಕಾಯ್ದೆಯೊಂದು ಬಂತು, ನಾಲ್ಕೇ ವರ್ಷಕ್ಕೆ ಅದಕ್ಕೆ ವಿರುದ್ಧ ದಿಕ್ಕಿನ ಅಬಕಾರಿ ಕಾಯ್ದೆಯೂ ಬಂತು. ಗೆದ್ದದ್ದು ಎರಡನೆಯದು. ಅದರ ಬೆನ್ನಿಗೇ 1967ರ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮಗಳು, 1968ರ ದೇಶೀ ಮತ್ತು ವಿದೇಶೀ ಮದ್ಯ ಮಾರಾಟದ ನಿಯಮಗಳು ಹೊರಬಿದ್ದವು. ಇಂದು ಬಾರ್ ತೆರೆಯಲು ಹೊರಟವನ ಕೈಪಿಡಿ ಈಗಲೂ ಇವೆರಡೇ.

1968ರ ನಿಯಮಗಳು ಒಂದೊಂದು ಬಗೆಯ ಸನ್ನದಿಗೆ ಒಂದೊಂದು ಸಂಕೇತವಿಟ್ಟು ನಾಡಿಗೆ ಒಂದು ಹೊಸ ಭಾಷೆಯನ್ನೇ ಕೊಟ್ಟವು. ಬಾಟಲಿ ಕೊಂಡು ಹೊರಗೆ ಒಯ್ಯುವ ಅಂಗಡಿ ಸಿಎಲ್-2, ಕೂತು ಕುಡಿದು ಉಣ್ಣುವ ಬಾರ್ ಅಂಡ್ ರೆಸ್ಟೋರೆಂಟ್ ಸಿಎಲ್-9, ಕ್ಲಬ್ಬಿಗೆ ಸಿಎಲ್-4, ವಸತಿಗೃಹಕ್ಕೆ ಸಿಎಲ್-7, ಒಂದು ಹೊತ್ತಿನ ಪಾರ್ಟಿಗೆ ಸಿಎಲ್-5. ಈ ವ್ಯಾಪಾರದವರು ಪರಸ್ಪರ ಅಂಗಡಿಯ ಹೆಸರು ಕೇಳುವ ಮೊದಲು ಸಿಎಲ್ ಎಷ್ಟು ಎಂದು ಕೇಳುತ್ತಾರೆ. ಅರ್ಜಿಯ ಜೊತೆ ಕಟ್ಟಡದ ಬಾಡಿಗೆ ಕರಾರು, ನಕ್ಷೆ, ಚಲನ್ ಇರಬೇಕು, ಅಬಕಾರಿ ನಿರೀಕ್ಷಕರ ಸ್ಥಳ ತನಿಖೆ ಆಗಬೇಕು. ಎಲ್ಲಕ್ಕಿಂತ ಮುಖ್ಯ ಚಕ್ಕುಬಂದಿ. ಅಂಗಡಿಯ ಮೂಡಲು, ಪಡುವಲು, ತೆಂಕಲು, ಬಡಗಲು ಏನಿದೆ ಎಂದು ಬರೆಯುವ ಈ ಪದ ಹೊಲಗದ್ದೆಯ ಕ್ರಯಪತ್ರದಿಂದ ಎದ್ದುಬಂದು ಬಾರಿನಲ್ಲಿ ಕೂತಿದೆ. ಸನ್ನದು ವ್ಯಕ್ತಿಗೆ ಮಾತ್ರವಲ್ಲ, ಆ ನಾಲ್ಕು ಗಡಿಗಳೊಳಗಿನ ಜಾಗಕ್ಕೂ ಕಟ್ಟುಬಿದ್ದದ್ದು ಎಂಬುದು ಇದರ ಅರ್ಥ. ಮುಂದೆ ಸನ್ನದು ಸ್ವತ್ತಿನಂತೆ ನಡೆದುಕೊಳ್ಳಲು ಆರಂಭಿಸಿದಾಗ ಈ ಜಮೀನಿನ ಭಾಷೆ ಅಚ್ಚರಿಯೆನಿಸುವಷ್ಟು ಸಲೀಸಾಗಿ ಒಗ್ಗಿತು.

ದೂರದ ಷರತ್ತು ಇನ್ನೂ ಸ್ವಾರಸ್ಯದ್ದು. ದೇವಸ್ಥಾನ, ಶಾಲೆ, ಆಸ್ಪತ್ರೆಗಳಿಂದ 100 ಮೀಟರಿನೊಳಗೆ ಅಂಗಡಿ ಕೂಡದು. ಆದರೆ ಅಳೆಯುವುದು ಹೇಗೆ? ಕಾಗೆ ಹಾರುವ ದಾರಿಯಲ್ಲಲ್ಲ, ಮನುಷ್ಯ ಸಾಮಾನ್ಯವಾಗಿ ನಡೆದು ಹೋಗುವ ಹತ್ತಿರದ ದಾರಿಯಲ್ಲಿ, ಬಾಗಿಲಿನಿಂದ ಬಾಗಿಲಿಗೆ. ಹಾಗಾಗಿ ಶಾಲೆಯ ಗೇಟು ಯಾವ ಬೀದಿಗೆ ತೆರೆಯುತ್ತದೆ ಎಂಬುದು ಶಿಕ್ಷಣದ ಪ್ರಶ್ನೆಯಾಗಿ ಉಳಿಯದೆ ಅಬಕಾರಿಯ ಪ್ರಶ್ನೆಯಾಗುತ್ತದೆ.

ಈ ಸಿಎಲ್ ಸನ್ನದುಗಳದ್ದು ವಿದೇಶೀ ಮದ್ಯದ ಮಾತು. ಆ ಕಾಲದ ಬಡವರ ಕುಡಿತ ಸಾರಾಯಿ, ಅದು ಇನ್ನೂ ಹಳೆಯ ಗುತ್ತಿಗೆಯ ಹಾದಿಯಲ್ಲೇ ಇತ್ತು. 1981ರ ಬೆಂಗಳೂರಿನ ಕಳ್ಳಭಟ್ಟಿ ದುರಂತದಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. 1986ರ ಫೆಬ್ರವರಿಯಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಗಳ ವಿಷಯದಲ್ಲಿ ಹೈಕೋರ್ಟ್ ಸರ್ಕಾರವನ್ನು ಟೀಕಿಸಿದಾಗ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು, ಮೂರು ದಿನಕ್ಕೆ ಹಿಂತೆಗೆದುಕೊಂಡರು. ಒಂದು ಪರವಾನಗಿಯ ಕಡತ ಮುಖ್ಯಮಂತ್ರಿಯ ಕುರ್ಚಿಯನ್ನು ಅಲುಗಾಡಿಸಬಲ್ಲದು ಎಂದು ರಾಜ್ಯಕ್ಕೆ ಗೊತ್ತಾದದ್ದು ಆಗ.

ತಿರುವು ಬಂದದ್ದು 1992ರಲ್ಲಿ. ಆ ವರ್ಷದಿಂದ ಹೊಸ ಸಿಎಲ್-2, ಸಿಎಲ್-9 ಸನ್ನದುಗಳನ್ನು ಕೊಡುವುದು ನಿಂತಿತು. ಅಂಗಡಿಗಳ ಸಂಖ್ಯೆಗೆ ಲಗಾಮು ಹಾಕುವ ಈ ಕ್ರಮ ಮೇಲ್ನೋಟಕ್ಕೆ ಮಿತಪಾನದ ಪರವಾದದ್ದೇ. ಆದರೆ ಬೆಂಗಳೂರು ಬೆಳೆಯುವುದು ನಿಲ್ಲಲಿಲ್ಲ, ಕುಡಿಯುವವರೂ ನಿಲ್ಲಲಿಲ್ಲ. ನಿಂತದ್ದು ಕಾಗದ ಮಾತ್ರ. ಇದ್ದ ಕಾಗದಕ್ಕೆ ಬೆಲೆ ಬಂತು. ನಿಯಮಗಳಲ್ಲಿ ವರ್ಗಾವಣೆಗೆ ಅವಕಾಶವಿತ್ತು. ಸನ್ನದುದಾರ ತೀರಿಕೊಂಡರೆ ವಾರಸುದಾರರಿಗೆ, ಬದುಕಿದ್ದರೆ ಶುಲ್ಕ ಕಟ್ಟಿ ಬೇರೆಯವರಿಗೆ. ಸರ್ಕಾರಕ್ಕೆ ಸಲ್ಲುವುದು ನಿಗದಿತ ಶುಲ್ಕ, ಕೊಂಡವನು ಮಾರಿದವನಿಗೆ ತೆರುವುದು ಮಾರುಕಟ್ಟೆಯ ಬೆಲೆ. ಇವೆರಡರ ನಡುವಿನ ಅಂತರವೇ ಈ ಚರಿತ್ರೆಯ ಮುಖ್ಯ ದಾಖಲೆ, ದುರದೃಷ್ಟಕ್ಕೆ ಅದನ್ನು ಯಾರೂ ಪುಸ್ತಕದಲ್ಲಿ ಬರೆದಿಡುವುದಿಲ್ಲ. ವರ್ಗಾವಣೆಯ ಗೊಡವೆಯೇ ಬೇಡವೆಂದು, ಸನ್ನದನ್ನು ತಮ್ಮ ಹೆಸರಿನಲ್ಲೇ ಇಟ್ಟುಕೊಂಡು ಅಂಗಡಿಯನ್ನು ಲೀಸಿಗೆ ಬಿಡುವ ರೂಢಿಯೂ ಬೆಳೆಯಿತು. ಇನ್ನು ಕೆಲವರು ನಿರ್ಬಂಧವಿಲ್ಲದ ಸಿಎಲ್-7ರ ಕಡೆ ತಿರುಗಿದರು. ಅದಕ್ಕೆ ನಿಗದಿತ ಸಂಖ್ಯೆಯ ಕೋಣೆಗಳುಳ್ಳ ವಸತಿಗೃಹ ಬೇಕು. ಗಿರಾಕಿ ತಂಗದ ಕೋಣೆಗಳ ಕೆಳಗೆ ತುಂಬಿ ತುಳುಕುವ ಬಾರುಗಳು ನಮ್ಮ ಊರುಗಳಲ್ಲಿ ಏಕಿವೆ ಎಂಬುದಕ್ಕೆ ಉತ್ತರ ಇಲ್ಲಿದೆ.

ವಿಚಿತ್ರವೆಂದರೆ, ಸನ್ನದು ಸ್ವತ್ತಾಗುತ್ತಿದ್ದ ಹೊತ್ತಿನಲ್ಲೇ ನ್ಯಾಯಾಲಯ ಅದು ಹಕ್ಕೇ ಅಲ್ಲ ಎಂದಿತು. ಕರ್ನಾಟಕದ್ದೇ ಆದ ಖೋಡೆ ಡಿಸ್ಟಿಲರೀಸ್ ಮೊಕದ್ದಮೆಯಲ್ಲಿ 1994ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮದ್ಯದ ವ್ಯಾಪಾರ ಮಾಡುವ ಮೂಲಭೂತ ಹಕ್ಕು ಯಾರಿಗೂ ಇಲ್ಲ ಎಂದು ಸಾರಿತು. ಸರ್ಕಾರ ಪೂರ್ತಿ ನಿಷೇಧಿಸಬಹುದು, ತಾನೇ ಮಾರಬಹುದು, ಇಷ್ಟಬಂದ ಷರತ್ತಿನಲ್ಲಿ ಬೇರೆಯವರಿಗೆ ಬಿಟ್ಟುಕೊಡಬಹುದು. ಸನ್ನದು ಶುಲ್ಕವೆಂದರೆ ಹಾಗೆ ಬಿಟ್ಟುಕೊಟ್ಟ ವಿಶೇಷಾಧಿಕಾರದ ಬೆಲೆ ಎಂಬುದು 1975ರ ಹರ್‌ಶಂಕರ್ ಮೊಕದ್ದಮೆಯಿಂದಲೇ ಸ್ಥಿರವಾದ ಮಾತು. ಕಾನೂನಿನಲ್ಲಿ ಸನ್ನದು ದೊರೆಯ ಕೃಪೆ, ಬೀದಿಯಲ್ಲಿ ನಿವೇಶನದಂತೆ ಆಸ್ತಿ. ಎರಡೂ ನಿಜ.

ಮುಂದಿನದನ್ನು ಬೇಗ ಹೇಳಬಹುದು. 2003ರಲ್ಲಿ ಕರ್ನಾಟಕ ರಾಜ್ಯ ಪಾನೀಯ ನಿಗಮ ಸಗಟು ವ್ಯಾಪಾರವನ್ನು ಕೈಗೆತ್ತಿಕೊಂಡಿತು, ತೆರಿಗೆ ಕಟ್ಟದ 'ಸೆಕೆಂಡ್ಸ್' ಮಾಲಿಗೆ ಪೆಟ್ಟು ಬಿತ್ತು. 2007ರ ಜುಲೈ 1ರಂದು, ಅಬಕಾರಿ ವರ್ಷದ ಮೊದಲ ದಿನ, ಸಾರಾಯಿ ನಿಷೇಧವಾಯಿತು. ಗುತ್ತಿಗೆಯ ಯುಗ ಮುಗಿಯಿತು, ಆದರೆ ಸಾರಾಯಿ ಕುಡಿಯುತ್ತಿದ್ದವರು ಅಗ್ಗದ ವಿಸ್ಕಿ, ರಮ್ಮಿಗೆ ಬಂದರು. ಅದನ್ನು ಮಾರುವ ಸನ್ನದುಗಳು ಮಾತ್ರ 1992ರಲ್ಲೇ ಕಟ್ಟಿಹಾಕಲ್ಪಟ್ಟಿದ್ದವು. ಆ ಕೊರತೆಯನ್ನು ತುಂಬಲು ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್‌ಗೆ ಸಿಎಲ್-11ಸಿ ಎಂಬ ಬೇರೆ ಬಗೆಯ ಮಳಿಗೆಗಳನ್ನು ಕೊಡಲಾಯಿತು. ಖಾಸಗಿಯವನಿಗೆ ಮುಚ್ಚಿದ ಬಾಗಿಲನ್ನು ಸರ್ಕಾರ ತನಗೆ ತಾನೇ ತೆರೆದುಕೊಂಡಿತು. ಸಾರಾಯಿ ನಿಷೇಧದ ನಿಜವಾದ ಲಾಭ ಹಳೆಯ ಸಿಎಲ್-2 ಸನ್ನದುದಾರರಿಗೆ ಆಯಿತೆಂದು ನನ್ನ ಎಣಿಕೆ.

2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿಯ 500 ಮೀಟರಿನೊಳಗೆ ಮದ್ಯದಂಗಡಿ ಬೇಡವೆಂದಿತು. 2017ರ ಮಾರ್ಚ್‌ನಲ್ಲಿ 20,000ದೊಳಗಿನ ಜನಸಂಖ್ಯೆಯ ಊರುಗಳಿಗೆ ಅದನ್ನು 220 ಮೀಟರಿಗೆ ಇಳಿಸಿತು. ಚಕ್ಕುಬಂದಿ ಬದಲಾಯಿಸಲು ಅರ್ಜಿಗಳ ಸಾಲು ನಿಂತಿತು. 2019ರ ಜನವರಿಯಲ್ಲಿ ಹಳ್ಳಿಯ ಹೆಂಗಸರು ಪೂರ್ಣ ಮದ್ಯನಿಷೇಧ ಕೇಳುತ್ತ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು. ಅವರು ಹೊರಟದ್ದು ಚಿತ್ರದುರ್ಗದಿಂದ, ತುರುವನೂರಿನ ಮಗ್ಗುಲಿನಿಂದ.

2025ರ ಮಾರ್ಚ್ ಬಜೆಟ್ಟಿನಲ್ಲಿ ಸರ್ಕಾರ ಸನ್ನದುಗಳನ್ನು ಇ-ಹರಾಜಿನ ಮೂಲಕ ಹಂಚುವುದಾಗಿ ಹೇಳಿತು. ಇದನ್ನು ಹೊಸ ಸುಧಾರಣೆ ಎನ್ನುವವರು ಹಳೆಯ ಸವಾಲನ್ನು ಮರೆತಿದ್ದಾರೆ. ಸವಾಲು ಚಾವಡಿಯಿಂದ ಕಂಪ್ಯೂಟರಿಗೆ ಬಂದಿದೆ. ಒಳ್ಳೆಯದೇ, ಮೂರು ದಶಕ ಖಾಸಗಿ ಕೈಗಳಲ್ಲಿ ಓಡಾಡಿದ ಬೆಲೆಯ ಒಂದು ಪಾಲಾದರೂ ಈಗ ಲೆಕ್ಕಕ್ಕೆ ಸಿಗುತ್ತದೆ.

ಲೆಕ್ಕಕ್ಕೆ ಸಿಗದ ಹಳೆಯ ಕಾಲದ್ದೇ ನಮ್ಮ ಕೊರಗು. ಕಾಯ್ದೆ, ತೀರ್ಪುಗಳು ಅಚ್ಚಾಗಿವೆ, ಗುತ್ತಿಗೆದಾರನ ಕರಾರು, ಸೇಂದಿ ಅಂಗಡಿಯ ರಸೀದಿ, ಮರದ ಸುಂಕದ ಚೀಟಿ ಅಚ್ಚಾಗಿಲ್ಲ. ನಿಮ್ಮ ಮನೆಯ ಅಟ್ಟದ ಟ್ರಂಕಿನಲ್ಲಿ ಅಜ್ಜನ ಕಾಲದ ಅಂಥದೊಂದು ಕಾಗದವಿದ್ದರೆ, ನಾಚಿಕೊಂಡು ರದ್ದಿಗೆ ಹಾಕಬೇಡಿ. ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೆ ಒಂದು ನಕಲನ್ನಾದರೂ ಕೊಡಿ.